ಮಂಗಳೂರಿನ ಹೆಸರು ಹೊತ್ತ ರೆಜಿಮೆಂಟು: ಹಳೆಯ ಸ್ಕಾಟಿಷ್ ಸೇನಾ ಬ್ಯಾಡ್ಜು, ಗುಂಡಿ, ಸ್ಪೊರನ್ ಸಂಗ್ರಹಿಸುವ ಕ್ರಮ

ಸ್ಕಾಟ್ಲೆಂಡಿನ ಬ್ಲ್ಯಾಕ್ ವಾಚ್ ರೆಜಿಮೆಂಟಿನ ಯುದ್ಧಗೌರವಗಳ, ಅಂದರೆ ಕಾದಿದ ಕದನಗಳ ನೆನಪಿಗೆ ರೆಜಿಮೆಂಟಿಗೆ ದಕ್ಕುವ ಹೆಸರುಗಳ, ಪಟ್ಟಿಯಲ್ಲಿ ‘ಮ್ಯಾಂಗಲೋರ್’ ಎಂಬ ಹೆಸರಿದೆ. 1783ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿದ್ದ ದಂಡಿನ ನಾಯಕ ಜಾನ್ ಕ್ಯಾಂಪ್‌ಬೆಲ್. ಅವನ ಕೈಕೆಳಗೆ 42ನೆಯ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಬೆಟ್ಟನಾಡಿನ) ರೆಜಿಮೆಂಟಿನ, ಅಂದರೆ ಬ್ಲ್ಯಾಕ್ ವಾಚ್ ರೆಜಿಮೆಂಟಿನ, ಎರಡನೆಯ ಬೆಟಾಲಿಯನ್ನೂ ಬೊಂಬಾಯಿಯ ಸಿಪಾಯಿಗಳೂ ಇದ್ದರು. ಮಳೆಗಾಲ ಕಳೆಯಿತು, ದಾಸ್ತಾನು ಮುಗಿಯಿತು, ಹಸಿವಿಗೂ ಸ್ಕರ್ವಿಗೂ ಜನ ಸಾಯತೊಡಗಿದರು. 1784ರ ಜನವರಿ 30ರಂದು ಕೋಟೆ ಟಿಪ್ಪುವಿನ ವಶವಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಅದೇ ತಿಂಗಳು ಕ್ಯಾಂಪ್‌ಬೆಲ್ ಬೊಂಬಾಯಿಯಲ್ಲಿ ತೀರಿಕೊಂಡ. ಆ ಬೆಟಾಲಿಯನ್ 1786ರಲ್ಲಿ ಬೇರೆಯಾಗಿ 73ನೆಯ ರೆಜಿಮೆಂಟಾಯಿತು, 1881ರಲ್ಲಿ ತಾಯಿ ರೆಜಿಮೆಂಟಾದ ಬ್ಲ್ಯಾಕ್ ವಾಚ್‌ಗೇ ಮರಳಿತು, ಮರಳುವಾಗ ಮಂಗಳೂರಿನ ಹೆಸರನ್ನೂ ಜೊತೆಗೆ ಒಯ್ದಿತು. ಜೊತೆಗಿದ್ದ ಸಿಪಾಯಿಗಳಿಗೂ ಅದೇ ಗೌರವ ದಕ್ಕಿತು; ಅವರ ಪರಂಪರೆ ಇಂದಿನ ಭಾರತೀಯ ಸೇನೆಯ ಗ್ರೆನೇಡಿಯರ್ಸ್‌ನಲ್ಲಿ ಮುಂದುವರಿದಿದೆ.

ಮಂಗಳೂರು, ಉಡುಪಿಯ ಕಡೆಯವರು ಸ್ಕಾಟಿಷ್ ಸೇನಾ ವಸ್ತುಗಳನ್ನು ಕೂಡಿಸಲು ಹೊರಟರೆ ಈ ಒಂದು ರೆಜಿಮೆಂಟಿನಿಂದಲೇ ಆರಂಭಿಸುವುದು ಒಳ್ಳೆಯದು. ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಂಡವರ ಮನೆಯಲ್ಲಿ ಐದು ವರ್ಷದ ಮೇಲೆ ಒಂದು ಡಬ್ಬಿ ತುಂಬ ನಕಲಿ ಬ್ಯಾಡ್ಜುಗಳಿರುತ್ತವೆ. ಒಂದೇ ರೆಜಿಮೆಂಟನ್ನು ಹಿಡಿದವರಿಗೆ ಇಪ್ಪತ್ತು ವಸ್ತು ನೋಡುವಷ್ಟರಲ್ಲಿ ಕಣ್ಣು ಪಳಗುತ್ತದೆ, ಇಪ್ಪತ್ತೊಂದನೆಯದು ಸುಳ್ಳಾದರೆ ಕೈಗೆತ್ತಿಕೊಂಡ ಕೂಡಲೇ ಅನುಮಾನ ಬರುತ್ತದೆ.

ಸಂಖ್ಯೆಯನ್ನು ನಂಬುವ ಮೊದಲು ಇಸವಿ ಕೇಳಿ

1768ರಿಂದ ಬ್ರಿಟಿಷ್ ಕಾಲಾಳು ರೆಜಿಮೆಂಟುಗಳ ಗುಂಡಿಗಳ ಮೇಲೆ ಸಂಖ್ಯೆ ಬಂತು. ಗುಂಡಿಯ ಮೇಲೆ 73 ಎಂದಿದ್ದರೆ ‘ಮಂಗಳೂರಿನ ರೆಜಿಮೆಂಟು’ ಎಂದು ಹಿಗ್ಗಬೇಡಿ. 1786ಕ್ಕಿಂತ ಮೊದಲು 73 ಎಂಬ ಸಂಖ್ಯೆ ಮ್ಯಾಕ್ಲಿಯೊಡ್‌ನ ಹೈಲ್ಯಾಂಡರ್‌ಗಳದ್ದು. ಅವರೂ ಭಾರತಕ್ಕೆ ಬಂದವರೇ, ಹೈದರಾಲಿಯ ವಿರುದ್ಧ ಮದ್ರಾಸಿನ ಕಡೆ ಹೋರಾಡಿದವರೇ. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದ ಬಂಧನದಲ್ಲಿದ್ದು, 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದ ಡೇವಿಡ್ ಬೇರ್ಡ್ ಆ ರೆಜಿಮೆಂಟಿನವನು. 1786ರಲ್ಲಿ ಸಂಖ್ಯೆಗಳು ಬದಲಾಗಿ ಮ್ಯಾಕ್ಲಿಯೊಡ್‌ನವರು 71 ಆದರು, ಮಂಗಳೂರಿನಲ್ಲಿ ಕಾದಿದವರು 73 ಆದರು. ಹಾಗಾಗಿ ಮುತ್ತಿಗೆಯ ಕಾಲದ ಗುಂಡಿಯ ಮೇಲೆ ಇರಬೇಕಾದ ಅಂಕಿ 42.

ಇನ್ನೊಂದು ತೊಡಕು 1809ರದ್ದು. ಆ ವರ್ಷ 72, 73, 74, 75, 91, 94 ಈ ಆರು ರೆಜಿಮೆಂಟುಗಳಿಂದ ಹೈಲ್ಯಾಂಡ್ ಉಡುಪನ್ನು ತೆಗೆಸಲಾಯಿತು. ಅಂದಿನಿಂದ 1881ರವರೆಗಿನ 73ನೆಯ ರೆಜಿಮೆಂಟಿನ ವಸ್ತುಗಳಲ್ಲಿ ಕಿಲ್ಟೂ (ಗಂಡಸರ ನೆರಿಗೆಯ ಲಂಗ) ಇಲ್ಲ, ಅದರ ಮುಂದೆ ತೂಗುವ ಚೀಲವಾದ ಸ್ಪೊರನ್ನೂ ಇಲ್ಲ. ಸಾಮಾನ್ಯ ಇಂಗ್ಲಿಷ್ ರೆಜಿಮೆಂಟಿನಂತೆ ಕಾಣುವ ಗುಂಡಿ, ಟೋಪಿಯ ಫಲಕ, ಎದೆಪಟ್ಟಿಯ ಫಲಕ, ಇಷ್ಟೇ. ‘73ನೆಯ ಹೈಲ್ಯಾಂಡರ್ಸ್, 1850ರ ಸ್ಪೊರನ್’ ಎಂದು ಯಾರಾದರೂ ಮಾರಲು ತಂದರೆ ಇಸವಿಯೇ ಅದನ್ನು ಸುಳ್ಳು ಮಾಡುತ್ತದೆ. ‘ಮಂಗಳೂರು ಮುತ್ತಿಗೆಯಲ್ಲಿ ಧರಿಸಿದ ಬ್ಲ್ಯಾಕ್ ವಾಚ್ ಕ್ಯಾಪ್ ಬ್ಯಾಡ್ಜ್’ ಎಂಬುದೂ ಹಾಗೆಯೇ: ಗ್ಲೆಂಗರಿ ಟೋಪಿಯ ಲೋಹದ ಬ್ಯಾಡ್ಜು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ್ದು. ರೆಜಿಮೆಂಟಿನ ಪ್ರಸಿದ್ಧ ಕೆಂಪು ಹ್ಯಾಕಲ್, ಅಂದರೆ ಟೋಪಿಯ ಗರಿಗೊಂಚಲು, ಕೂಡ ಮುತ್ತಿಗೆಯ ನಂತರದ ಕಥೆ. ಅದು ಬ್ಲ್ಯಾಕ್ ವಾಚ್‌ಗೆ ಮಾತ್ರ ಮೀಸಲೆಂದು ಆದೇಶವಾದದ್ದು 1822ರಲ್ಲಿ.

ಈ ಇಸವಿಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. 1855: ಕಾಲಾಳುಗಳ ಎದೆಪಟ್ಟಿಯ ಫಲಕ ಹೋದ ಕಾಲ. 1871: ಸಾಮಾನ್ಯ ಸೈನಿಕರ ಗುಂಡಿಯಿಂದ ರೆಜಿಮೆಂಟಿನ ಸಂಖ್ಯೆ ಹೋಗಿ ರಾಜಲಾಂಛನ ಬಂದದ್ದು. 1881: ಸಂಖ್ಯೆಗಳು ಹೋಗಿ ಹೆಸರುಗಳು ಬಂದದ್ದು. 42 ಮತ್ತು 73 ಸೇರಿ ಬ್ಲ್ಯಾಕ್ ವಾಚ್, 72 ಮತ್ತು 78 ಸೇರಿ ಸೀಫೋರ್ತ್, 75 ಮತ್ತು 92 ಸೇರಿ ಗಾರ್ಡನ್, 91 ಮತ್ತು 93 ಸೇರಿ ಆರ್ಗೈಲ್ ಅಂಡ್ ಸದರ್ಲೆಂಡ್, 71 ಮತ್ತು 74 ಸೇರಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ. 79 ಒಂದೇ ಕ್ಯಾಮರನ್. 1959ರಲ್ಲಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯೂ (ಬೇರೊಂದು ರೆಜಿಮೆಂಟಿನೊಡನೆ), 1961ರಲ್ಲಿ ಸೀಫೋರ್ತ್ ಮತ್ತು ಕ್ಯಾಮರನ್ನೂ (ಒಂದರೊಡನೊಂದು), 1994ರಲ್ಲಿ ಗಾರ್ಡನ್ನೂ ವಿಲೀನವಾಗಿ ಹಳೆಯ ಹೆಸರು ಕಳೆದುಕೊಂಡವು. 2006ರ ಮಾರ್ಚ್ 28ರಂದು ಉಳಿದವೂ ವಿಲೀನಗೊಂಡವೂ ಸೇರಿ ರಾಯಲ್ ರೆಜಿಮೆಂಟ್ ಆಫ್ ಸ್ಕಾಟ್ಲೆಂಡ್ ಆದವು.

ಬ್ಯಾಡ್ಜಿನ ಮುಖ, ಅದಕ್ಕಿಂತ ಹೆಚ್ಚಾಗಿ ಬೆನ್ನು

ಬೇಕಾದ ಸಲಕರಣೆ ಸ್ವಲ್ಪವೇ. 10 ಪಟ್ಟಿನ ಭೂತಗನ್ನಡಿ, 0.01 ಗ್ರಾಂ ತೋರಿಸುವ ತೂಕದ ಯಂತ್ರ, ವರ್ನಿಯರ್ ಕ್ಯಾಲಿಪರ್, ಒಂದು ಚಿಕ್ಕ ಆಯಸ್ಕಾಂತ, ಸಾಧಾರಣ ಟಾರ್ಚ್, ಇನ್ನೊಂದು ಅಲ್ಟ್ರಾವಯಲೆಟ್ ಟಾರ್ಚ್.

ಮೊದಲು ಬ್ಯಾಡ್ಜಿನ ಮೇಲಿರುವ ಕಿರೀಟ ನೋಡಿ. 1901ರಿಂದ 1952ರವರೆಗಿನ ರಾಜರ ಕಿರೀಟದ ಕಮಾನು ಗುಮ್ಮಟದಂತೆ ದುಂಡಗೆ ಏರಿ ಇಳಿಯುತ್ತದೆ. 1953ರ ನಂತರದ ರಾಣಿಯ ಕಿರೀಟದಲ್ಲಿ ಕಮಾನು ನಡುವೆ ತಗ್ಗಿರುತ್ತದೆ. 1901ಕ್ಕಿಂತ ಹಿಂದಿನ ವಿಕ್ಟೋರಿಯಾ ಕಿರೀಟದ ಮೇಲ್ಭಾಗ ಚಪ್ಪಟೆಯಾಗಿದ್ದು ಬದಿಗಳು ನೆಟ್ಟಗಿರುತ್ತವೆ. ಹೊಸಬರು ಇದನ್ನು 1953ರ ನಂತರದ್ದರ ಜೊತೆ ಕಲಸುವುದುಂಟು. ಇವೆರಡರ ನಡುವೆ ಬೆಲೆಯ ಅಂತರ ದೊಡ್ಡದು, ಹಾಗಾಗಿ ಒಂದೊಂದರ ದೊಡ್ಡ ಚಿತ್ರವನ್ನು ಅಕ್ಕಪಕ್ಕ ಇಟ್ಟು ಕಣ್ಣಿಗೆ ರೂಢಿ ಮಾಡಿಸಿ. 2022ರಲ್ಲಿ ಮೂರನೆಯ ಚಾರ್ಲ್ಸ್ ದುಂಡು ಕಮಾನಿನ ಕಿರೀಟವನ್ನೇ ಮತ್ತೆ ಆರಿಸಿಕೊಂಡಿರುವುದರಿಂದ ದುಂಡು ಕಿರೀಟ ಇದ್ದ ಮಾತ್ರಕ್ಕೆ ಹಳೆಯದೆನ್ನುವ ಕಾಲವೂ ಮುಗಿಯಿತು.

ಕಿರೀಟದ ಈ ಲೆಕ್ಕ ಬ್ಲ್ಯಾಕ್ ವಾಚ್‌ಗೆ, ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಗೆ ಒಗ್ಗುತ್ತದೆ. ಗಾರ್ಡನ್‌ನ ಸಾರಂಗದ ತಲೆಯ ಕೆಳಗಿರುವುದು ಶ್ರೀಮಂತ ಮನೆತನದ ಮುಕುಟ, ರಾಜಕಿರೀಟ ಅಲ್ಲ. ಸೀಫೋರ್ತ್‌ನ ಸಾಮಾನ್ಯ ಸೈನಿಕರ ಬ್ಯಾಡ್ಜಿನಲ್ಲಿಯೂ ಕ್ಯಾಮರನ್‌ನ ಸಂತ ಆಂಡ್ರೂ ಬ್ಯಾಡ್ಜಿನಲ್ಲಿಯೂ ರಾಜಕಿರೀಟವೇ ಇಲ್ಲ. ಅವುಗಳ ಕಾಲ ತಿಳಿಯಲು ಬೆನ್ನು ತಿರುಗಿಸಲೇಬೇಕು.

ಬ್ಲ್ಯಾಕ್ ವಾಚ್ ಬ್ಯಾಡ್ಜಿನಲ್ಲಿ ಇನ್ನೊಂದು ಸುಳಿವಿದೆ. ನಕ್ಷತ್ರ, ಅದರ ಮೇಲೆ ಥಿಸಲ್ ಮುಳ್ಳುಹೂವಿನ ಮಾಲೆ, ನಡುವೆ ಶಿಲುಬೆ ಹಿಡಿದ ಸಂತ ಆಂಡ್ರೂ, ಕೆಳಗೆ ಈಜಿಪ್ಟಿನ ಸ್ಫಿಂಕ್ಸ್. ಇದು ಅದರ ವಿನ್ಯಾಸ. ಹಳೆಯ ಮಾದರಿಯಲ್ಲಿ ರೆಜಿಮೆಂಟಿನ ಹೆಸರಿನ ಪಟ್ಟಿಗಳೂ ಇದ್ದವು, 1930ರ ದಶಕದಲ್ಲಿ ಅವುಗಳನ್ನು ಕೈಬಿಡಲಾಯಿತು. ಹೆಸರಿನ ಪಟ್ಟಿ ಮತ್ತು ದುಂಡು ಕಿರೀಟ ಎರಡೂ ಇದ್ದರೆ 1901ರಿಂದ ಆ ದಶಕದೊಳಗಿನದು. ಮೊದಲ ಖರೀದಿಗೆ ಇದಕ್ಕಿಂತ ಯೋಗ್ಯವಾದದ್ದಿಲ್ಲ: ಮೊದಲ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಜನ ಸೇನೆ ಸೇರಿದ್ದರಿಂದ ಅಸಲಿ ವಸ್ತು ಈಗಲೂ ಕೈಗೆಟಕುತ್ತದೆ, ಹೋಲಿಸಿ ನೋಡಲು ಚಿತ್ರಗಳೂ ಸಿಗುತ್ತವೆ.

ಇನ್ನು ಬೆನ್ನು. ಅಸಲಿ ಬ್ಯಾಡ್ಜನ್ನು ಉಕ್ಕಿನ ಅಚ್ಚಿನಿಂದ ತೆಳು ತಗಡಿನ ಮೇಲೆ ಒತ್ತಿ ಮಾಡುತ್ತಿದ್ದರು. ಆದ್ದರಿಂದ ಮುಂದೆ ಉಬ್ಬಿದ ಕಡೆ ಹಿಂದೆ ತಗ್ಗಿರುತ್ತದೆ, ಸಂತನ ಶಿಲುಬೆಯ ಆಕಾರವನ್ನು ಹಿಂಬದಿಯಿಂದಲೂ ಬೆರಳಲ್ಲಿ ಗುರುತಿಸಬಹುದು. ಎರಕದ ನಕಲಿಯಲ್ಲಿ ಬೆನ್ನು ಮಟ್ಟಸ, ಅಂಚು ದಪ್ಪ, ಭೂತಗನ್ನಡಿಯಲ್ಲಿ ಮೈ ಮೇಲೆ ಸೂಜಿಮೊನೆಯಂಥ ಗುಳಿಗಳು. ಎರಕದ ಲೋಹ ಆರುವಾಗ ಕುಗ್ಗುವುದರಿಂದ ಅಳತೆಯೂ ಶೇಕಡಾ ಒಂದೆರಡು ಕಡಿಮೆ ಬರುತ್ತದೆ: 60 ಮಿ.ಮೀ. ಇರಬೇಕಾದದ್ದು 59 ಇದ್ದರೆ ಕ್ಯಾಲಿಪರನ್ನು ನಂಬಿ, ಮಾರುವವನನ್ನಲ್ಲ.

ಸ್ಕಾಟಿಷ್ ಗ್ಲೆಂಗರಿ ಬ್ಯಾಡ್ಜುಗಳು ದೊಡ್ಡವು, ಹಾಗಾಗಿ ಹೆಚ್ಚಿನವಕ್ಕೆ ಹಿಂದೆ ತಾಮ್ರದ ಅಥವಾ ಹಿತ್ತಾಳೆಯ ಲೂಪ್‌ಗಳು. ಅವುಗಳ ಮೂಲಕ ಪಿನ್ನು ತೂರಿಸಿ ಟೋಪಿಗೆ ಸಿಕ್ಕಿಸುತ್ತಿದ್ದರು. ಇಂಗ್ಲಿಷ್ ರೆಜಿಮೆಂಟುಗಳಲ್ಲಿ ಸಾಮಾನ್ಯವಾದ ಉದ್ದ ನಾಲಗೆಯಂಥ ಸ್ಲೈಡರ್ ಇಲ್ಲಿ ಕಡಿಮೆ. ಲೂಪಿನ ಬುಡ ನೋಡಿ. ಹಳೆಯ ಬೆಸುಗೆ ಚಿಕ್ಕದು, ಅಚ್ಚುಕಟ್ಟು, ಸುತ್ತಲಿನ ಲೋಹದಷ್ಟೇ ಕಪ್ಪಾಗಿರುತ್ತದೆ. ಬುಡದಲ್ಲಿ ಹೊಳೆಯುವ ಸೀಸದ ಮಡು ಇದ್ದರೆ ಲೂಪನ್ನು ಈಚೆಗೆ ಹಚ್ಚಿದ್ದು. ವರ್ಷಗಟ್ಟಲೆ ಪಿನ್ನು ಉಜ್ಜಿದ ಲೂಪಿನ ಒಳಮೈ ಸವೆದಿರಬೇಕು. ಮುಖ ಸವೆದು ನುಣುಪಾಗಿದ್ದು ಲೂಪು ಮಾತ್ರ ಹೊಚ್ಚ ಹೊಸದಾಗಿದ್ದರೆ ಸವಕಳಿಯನ್ನು ಮರಳುಕಾಗದದಿಂದ ತಂದದ್ದೆಂದು ತಿಳಿಯಿರಿ. ಸ್ಲೈಡರಿನ ಮೇಲೆ ‘ಜೆ. ಆರ್. ಗಾಂಟ್, ಲಂಡನ್’ ಎಂಬ ಹೆಸರು ಒತ್ತಿದ್ದು ಕಂಡ ಕೂಡಲೇ ಅಸಲಿ ಎನ್ನುವವರಿದ್ದಾರೆ. ಆ ಹೆಸರಿನೊಡನೆ ಮರುಅಚ್ಚಿನ ಬ್ಯಾಡ್ಜುಗಳು ರಾಶಿ ರಾಶಿ ಬಂದಿವೆ, ಹೆಸರೊಂದೇ ಸಾಕ್ಷಿಯಾಗದು.

ಸಿಯಾಲ್ಕೋಟ್ ಒಂದು ಶತಮಾನಕ್ಕೂ ಮಿಕ್ಕಿ ಬ್ಯಾಗ್‌ಪೈಪ್ ಮಾಡುವ ಊರು. ಬ್ಯಾಡ್ಜು, ಕಿಲ್ಟು, ಸ್ಪೊರನ್‌ಗಳೂ ಅಲ್ಲಿ ತಯಾರಾಗುತ್ತವೆ. ಬ್ಯಾಂಡಿನವರ ಬಳಕೆಗೆಂದು ಪ್ರಾಮಾಣಿಕವಾಗಿ ಮಾಡಿದ ವಸ್ತು ಕೈಯಿಂದ ಕೈಗೆ ದಾಟುತ್ತ ‘ನೂರು ವರ್ಷ ಹಳೆಯದು’ ಆಗಿಬಿಡುತ್ತದೆ.

ಸ್ಪೊರನ್: ಕುಚ್ಚು ಎಣಿಸಿ, ಪಟ್ಟಿ ಓದಿ

ಕಿಲ್ಟಿಗೆ ಜೇಬಿಲ್ಲ, ಸೊಂಟದಿಂದ ಮುಂದೆ ಇಳಿಬಿಡುವ ಚೀಲವೇ ಸ್ಪೊರನ್. ಸೇನೆಯ ಸ್ಪೊರನ್‌ಗೆ ಕುದುರೆಕೂದಲಿನ ಉದ್ದ ಮುಖ, ಮೇಲೆ ಕ್ಯಾಂಟಲ್ ಎಂಬ ಲೋಹದ ಅಥವಾ ಚರ್ಮದ ಪಟ್ಟಿ, ಅದರ ಮೇಲೆ ರೆಜಿಮೆಂಟಿನ ಲಾಂಛನ. ಸಾಮಾನ್ಯ ಸೈನಿಕರದ್ದನ್ನು ಹೀಗೆ ಗುರುತಿಸಬಹುದು: ಬಿಳಿ ಕೂದಲಿನ ಮೇಲೆ ಐದು ಕಪ್ಪು ಕುಚ್ಚು ಬ್ಲ್ಯಾಕ್ ವಾಚ್, ಬಿಳಿ ಕೂದಲು, ಎರಡು ಉದ್ದ ಕಪ್ಪು ಕುಚ್ಚು ಸೀಫೋರ್ತ್ ಅಥವಾ ಗಾರ್ಡನ್, ಇಲ್ಲಿ ಕ್ಯಾಂಟಲ್ ನೋಡಿಯೇ ತೀರ್ಮಾನಿಸಬೇಕು, ಕಪ್ಪು ಕೂದಲು, ಎರಡು ಬಿಳಿ ಕುಚ್ಚು ಕ್ಯಾಮರನ್, ಆರು ಗಿಡ್ಡ ಬಿಳಿ ಕುಚ್ಚು ಆರ್ಗೈಲ್. ಕಾಲುಚೀಲ ಸಿಕ್ಕರೆ ಅದೂ ಮಾತಾಡುತ್ತದೆ. ಕೆಂಪು-ಕಪ್ಪು ಚೌಕಳಿ ಬ್ಲ್ಯಾಕ್ ವಾಚ್ ಮತ್ತು ಗಾರ್ಡನ್‌ಗೆ, ಕೆಂಪು-ಬಿಳಿ ಸೀಫೋರ್ತ್ ಮತ್ತು ಆರ್ಗೈಲ್‌ಗೆ, ಕೆಂಪು-ಹಸಿರು ಕ್ಯಾಮರನ್‌ಗೆ. ಬಟ್ಟೆಯ ಚೌಕಳಿಯಲ್ಲಿಯೂ ಹಾಗೆಯೇ: ಗಾಢ ನೀಲಿ, ಹಸಿರು, ಕಪ್ಪಿನ ಬ್ಲ್ಯಾಕ್ ವಾಚ್ ಚೌಕಳಿಗೆ ಹಳದಿ ಗೆರೆ ಸೇರಿದರೆ ಗಾರ್ಡನ್, ಬಿಳಿ ಮತ್ತು ಕೆಂಪು ಗೆರೆ ಸೇರಿದರೆ ಸೀಫೋರ್ತ್.

ಹಳೆಯ ಸ್ಪೊರನ್‌ನಲ್ಲಿ ಅತಿ ಬೆಲೆಯುಳ್ಳ ಭಾಗ ಕಣ್ಣಿಗೆ ಕಾಣದ್ದು. ಚೀಲದ ಒಳಮೈಯನ್ನೂ ಸೊಂಟಪಟ್ಟಿಯ ಒಳಬದಿಯನ್ನೂ ಓರೆ ಬೆಳಕಿನಲ್ಲಿ ನೋಡಿ: ಟಾರ್ಚನ್ನು ಚರ್ಮಕ್ಕೆ ಸಮಾನಾಂತರವಾಗಿ ಹಿಡಿದರೆ ಅಳಿದುಹೋದಂತಿದ್ದ ಅಂಕಿ ನೆರಳಿನಿಂದ ಎದ್ದು ಬರುತ್ತದೆ. 1920ರಿಂದ ಬ್ರಿಟಿಷ್ ಸೈನಿಕರಿಗೆ ಏಳಂಕಿಯ ಸಂಖ್ಯೆ ಬಂತು, ಪ್ರತಿ ರೆಜಿಮೆಂಟಿಗೂ ಅದರದೇ ಸಾಲು. ಬ್ಲ್ಯಾಕ್ ವಾಚ್ 2744001ರಿಂದ 2809000, ಸೀಫೋರ್ತ್ 2809001ರಿಂದ 2865000, ಗಾರ್ಡನ್ 2865001ರಿಂದ 2921000, ಕ್ಯಾಮರನ್ 2921001ರಿಂದ 2966000, ಆರ್ಗೈಲ್ 2966001ರಿಂದ 3044000. ಪಟ್ಟಿಯ ಮೇಲೆ 2751 ಎಂದು ಶುರುವಾಗುವ ಏಳಂಕಿ ಇದ್ದು ಕ್ಯಾಂಟಲ್ ಮೇಲೆ ಗಾರ್ಡನ್‌ನ ಸಾರಂಗ ಇದ್ದರೆ ಎರಡು ಸ್ಪೊರನ್ ಸೇರಿಸಿ ಒಂದು ಮಾಡಿದ್ದಾರೆಂದೇ ಅರ್ಥ ಮಾಡಿಕೊಳ್ಳಿ. ನಾಲ್ಕೈದಂಕಿಯ ಸಂಖ್ಯೆಯಾದರೆ ಸಾಮಾನ್ಯವಾಗಿ 1920ಕ್ಕಿಂತ ಹಿಂದಿನದು. ಆಗ ಪ್ರತಿ ರೆಜಿಮೆಂಟೂ ತನ್ನದೇ ಎಣಿಕೆ ನಡೆಸುತ್ತಿದ್ದುದರಿಂದ ಅಂಕಿಯೊಂದರಿಂದಲೇ ರೆಜಿಮೆಂಟು ಹೇಳಲಾಗದು.

ಹೊಲಿಗೆಯ ನೂಲಿಗೆ ಕತ್ತಲಲ್ಲಿ ಅಲ್ಟ್ರಾವಯಲೆಟ್ ಬೆಳಕು ಬಿಡಿ. ಬಿಳಿ ನೂಲು ನೀಲಿಯಾಗಿ ಝಗ್ಗೆಂದರೆ ಅದರಲ್ಲಿ ಹೊಳಪುಕಾರಕ ರಾಸಾಯನಿಕ ಇದೆ, ಅಂದರೆ ಎರಡನೆಯ ಮಹಾಯುದ್ಧದ ನಂತರದ ನೂಲು ಇರಬಹುದು. ಆದರೆ ಹಳೆಯ ಬಟ್ಟೆಯನ್ನು ಯಾರೋ ಇಂದಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಹೀಗೆಯೇ ಹೊಳೆಯುತ್ತದೆ. ಹೊರಗಿನ ನೂಲು ಮಾತ್ರ ಹೊಳೆದು ನೆರಿಗೆಯ ಒಳಗಿನದು ಹೊಳೆಯದಿದ್ದರೆ ಒಗೆತದ ಫಲ; ಒಳಗೂ ಹೊರಗೂ ಒಂದೇ ಸಮ ಹೊಳೆದರೆ ನೂಲೇ ಹೊಸದು.

ಬೆಳ್ಳಿಯ ವಸ್ತು

ಅಧಿಕಾರಿಗಳು ಭುಜದ ಮೇಲೆ ಹೊದೆಯುತ್ತಿದ್ದ ಪ್ಲೇಡ್‌ಗೆ ಚುಚ್ಚುವ ದೊಡ್ಡ ಬ್ರೂಚು, ಬೆಲ್ಟಿನ ಫಲಕ, ಅಧಿಕಾರಿಗಳ ಬ್ಯಾಡ್ಜು ಬೆಳ್ಳಿಯವೂ ಆಗಿರುತ್ತವೆ. ಎಡಿನ್‌ಬರೊದ ಹಾಲ್‌ಮಾರ್ಕ್ ಎಂದರೆ ಮೂರು ಗೋಪುರದ ಕೋಟೆ. ಅದರೊಡನೆ 1759ರಿಂದ 1975ರವರೆಗೆ ಥಿಸಲ್ ಹೂ ಇರಬೇಕು. ಗ್ಲಾಸ್ಗೊದ್ದು ಮರ, ಮೀನು, ಗಂಟೆ. ಆ ಕಚೇರಿ 1964ರಲ್ಲಿ ಮುಚ್ಚಿತು. ಬರ್ಮಿಂಗ್‌ಹ್ಯಾಮಿನದು ಲಂಗರು. ಸ್ಕಾಟಿಷ್ ರೆಜಿಮೆಂಟಿನ ಬ್ರೂಚಿನ ಮೇಲೆ ಲಂಗರು ಕಂಡರೆ ಗಾಬರಿ ಬೇಡ, ಎಷ್ಟೋ ತಯಾರಕರು ಅಲ್ಲಿನವರೇ. ಗುರುತುಗಳ ನಡುವೆ ರಾಜನ ಅಥವಾ ರಾಣಿಯ ತಲೆ ಇದ್ದರೆ ಸುಂಕ ಕಟ್ಟಿದ್ದರ ಗುರುತು, ಅದು 1784ರಿಂದ 1890ರವರೆಗಿನದು. ವರ್ಷದ ಅಕ್ಷರವನ್ನು ಅದರ ಚೌಕಟ್ಟಿನ ಆಕಾರದ ಸಮೇತ ನೋಡಬೇಕು. ಅದೇ ಅಕ್ಷರ ಸುಮಾರು ಇಪ್ಪತ್ತು-ಇಪ್ಪತ್ತೈದು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಚೌಕಟ್ಟು ಬದಲಾಗಿರುತ್ತದೆ.

ಬೆಳ್ಳಿ ಹೌದೋ ಅಲ್ಲವೋ ತಿಳಿಯಲು ಒರೆಗಲ್ಲಿಗೆ ತಿಕ್ಕಬೇಡಿ, ಆಮ್ಲ ಹಾಕಿಸಬೇಡಿ. ಕ್ಯಾರೆಟ್ ಮೀಟರ್ ಇರುವ ಚಿನ್ನಬೆಳ್ಳಿ ಅಂಗಡಿಯಲ್ಲಿ ಎಕ್ಸ್‌ರೇ ಪರೀಕ್ಷೆ ಮಾಡಿಸಿ, ವಸ್ತುವಿಗೆ ಗೀರೂ ಬೀಳದು. ಫಲಿತ 92.5ರ ಆಸುಪಾಸು ಇರಬೇಕು. ಮುಖ, ಬೆನ್ನು, ಪಿನ್ನು ಮೂರನ್ನೂ ಬೇರೆ ಬೇರೆ ಅಳೆಯಿಸಿ. ಮುಖದಲ್ಲಿ 92 ಬಂದು ಸವೆದ ಅಂಚಿನಲ್ಲಿ ತಾಮ್ರ ಹೆಚ್ಚು ಕಂಡರೆ ಅದು ಬೆಳ್ಳಿ ಲೇಪ.

ಕೊಳ್ಳುವ ದಾರಿ, ಕಾನೂನಿನ ಗಡಿ

ಗುಜರಿ ಅಂಗಡಿಗಳಲ್ಲಿ, ಹಳೆಯ ಬಂಗಲೆಗಳ ಸಾಮಾನು ವಿಲೇವಾರಿಯಲ್ಲಿ ಹಿತ್ತಾಳೆಯ ಗುಂಡಿ, ಬಕಲು ಅಪರೂಪಕ್ಕೆ ಸಿಗುತ್ತವೆ. ತೂಕದ ಲೆಕ್ಕದಲ್ಲಿ ಕರಗಿಸಲು ಹೋಗುವ ರಾಶಿಯನ್ನು ಒಮ್ಮೆ ಕೈಯಾಡಿಸಿ ನೋಡುವುದು ಲಾಭವೇ. ಹೆಚ್ಚಿನದು ಮಾತ್ರ ಬ್ರಿಟನ್ನಿನ ಹರಾಜಿನಿಂದಲೇ ಬರಬೇಕು. ಅಲ್ಲಿ ಕೂಗಿದ ಬೆಲೆ ಅಂತಿಮ ಬೆಲೆ ಅಲ್ಲ. 60 ಪೌಂಡಿಗೆ ಕೂಗು ನಿಂತಿತೆನ್ನಿ. ಹರಾಜುಮನೆಯ ಕಮಿಷನ್ ಶೇಕಡಾ 25 ಆದರೆ 15 ಪೌಂಡು, ಕಮಿಷನ್ ಮೇಲೆ ಶೇಕಡಾ 20 ತೆರಿಗೆ ಆದರೆ 3 ಪೌಂಡು, ಅಲ್ಲಿಗೆ 78. ಅದರ ಮೇಲೆ ಪ್ಯಾಕಿಂಗು, ವಿಮೆ, ಅಂಚೆ. ಇಲ್ಲಿಗೆ ಬಂದ ಮೇಲೆ ಕಸ್ಟಮ್ಸ್ ಸುಂಕ, ಐಜಿಎಸ್‌ಟಿ, ಕೊರಿಯರಿನವರ ನಿರ್ವಹಣಾ ಶುಲ್ಕ. ಒಂದೊಂದೇ ಬ್ಯಾಡ್ಜು ತರಿಸುವುದಕ್ಕಿಂತ ಒಂದೇ ಹರಾಜಿನ ಮೂರ್ನಾಲ್ಕು ವಸ್ತು ಕೂಡಿಸಿ ತರಿಸಿದರೆ ಅಂಚೆ ವೆಚ್ಚ ಹಂಚಿಹೋಗುತ್ತದೆ. ಬೆನ್ನಿನ ಚಿತ್ರ ಕಳಿಸದ ಮಾರಾಟಗಾರನಿಂದ ಏನನ್ನೂ ಕೊಳ್ಳಬೇಡಿ.

ಕಾನೂನಿನ ವಿಷಯ ಗಂಭೀರವಾದದ್ದು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಐತಿಹಾಸಿಕ ಮಹತ್ವದ, ನೂರು ವರ್ಷ ತುಂಬಿದ ವಸ್ತು ಪ್ರಾಚ್ಯವಸ್ತು ಎನಿಸುತ್ತದೆ. 1914-18ರ ಯುದ್ಧದ ಬ್ಯಾಡ್ಜೂ ಈಗ ಆ ಗಡಿ ದಾಟಿದೆ. ಖಾಸಗಿಯವರು ಅಂಥದ್ದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಇಲ್ಲಿಗೆ ತರಿಸಿದ್ದನ್ನು ನಾಳೆ ಲಂಡನ್ನಿನಲ್ಲಿ ಮಾರುತ್ತೇನೆಂಬ ಲೆಕ್ಕ ಹಾಕಲೇಬೇಡಿ. ಪ್ರಾಚ್ಯವಸ್ತುಗಳ ವ್ಯಾಪಾರಕ್ಕೂ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು. ಕತ್ತಿ ಮತ್ತು ಡರ್ಕ್ ಎಂಬ ಉದ್ದ ಬಾಕು ಇನ್ನೊಂದು ಕಾನೂನಿಗೆ ಸೇರುತ್ತವೆ: ಅಲಗು 9 ಇಂಚು ಮೀರಿದರೆ ಅಥವಾ 2 ಇಂಚಿಗಿಂತ ಅಗಲವಿದ್ದರೆ ಶಸ್ತ್ರಾಸ್ತ್ರ ನಿಯಮಗಳ ಪ್ರಶ್ನೆ ಏಳುತ್ತದೆ, ಹಣ ಕಟ್ಟುವ ಮೊದಲೇ ವಿಚಾರಿಸಬೇಕು. ಬ್ಯಾಂಡಿನ ದೊಡ್ಡ ಡೋಲಿನವರು ತೊಡುತ್ತಿದ್ದ ಚಿರತೆ ಚರ್ಮ ಎಷ್ಟೇ ಹಳೆಯದಿರಲಿ, ಎಷ್ಟೇ ಅಗ್ಗಕ್ಕೆ ಬರಲಿ, ಮುಟ್ಟಬೇಡಿ. ವನ್ಯಜೀವಿ ಕಾಯ್ದೆ ಅದನ್ನು ಬಿಡುವುದಿಲ್ಲ.

ಮಂಗಳೂರಿನ ಟಿಪ್ಪು ಕಾಲದ ಕಾವಲು ಬುರುಜಾದ ಸುಲ್ತಾನ್ ಬತ್ತೇರಿಯ ಸುತ್ತ, ಹಳೆಯ ಕೋಟೆಯ ಜಾಗದಲ್ಲಿ ಲೋಹಶೋಧಕ ಹಿಡಿದು ಅಗೆಯುವ ಆಸೆ ಯಾರಿಗಾದರೂ ಬರಬಹುದು. ಬೇಡ. ಸಂರಕ್ಷಿತ ಸ್ಥಳದಲ್ಲಿ ಅದು ಅಪರಾಧ. ಸ್ವಂತ ಹಿತ್ತಲಿನಲ್ಲಿ ತೆಂಗಿನ ಸಸಿಗೆ ಹೊಂಡ ತೋಡುವಾಗ ಹಳೆಯ ಬೆಲೆಬಾಳುವ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ನೆಲದಲ್ಲಿ ಎಷ್ಟು ಆಳದಲ್ಲಿ, ಯಾವುದರ ಪಕ್ಕ ಇತ್ತು ಎಂಬುದು ಕಳೆದುಹೋದರೆ 42 ಎಂದು ಕೊರೆದ ಗುಂಡಿಯೂ ಬರೀ ತವರದ ಚೂರು.

ತೊಳೆಯಬೇಡಿ

ದೀಪದ ಕಂಬವನ್ನು ಹುಣಸೆಹುಳಿ ಹಾಕಿ ಬೂದಿಯಲ್ಲಿ ತಿಕ್ಕುವ ಕೈಗೆ ಈ ವಸ್ತುಗಳನ್ನು ಕೊಡಬಾರದು. ಹುಳಿ ಹಿತ್ತಾಳೆಯ ಮೇಲಿನ ಕಂದು ಪದರವನ್ನು ಕಿತ್ತು ಗುಲಾಬಿ ಛಾಯೆಯ ತಾಮ್ರವನ್ನು ಹೊರತರುತ್ತದೆ, ಸಂದಿಯಲ್ಲಿ ಉಳಿದ ಹುಳಿ ಮುಂದಿನ ಮಳೆಗಾಲಕ್ಕೆ ಹಸಿರು ಕಿಲುಬಾಗಿ ಏಳುತ್ತದೆ. ಬೂದಿ ಮತ್ತು ಪಾಲಿಶ್ ಪುಡಿ ಸಂತ ಆಂಡ್ರೂನ ಮುಖವನ್ನೇ ಅಳಿಸುತ್ತವೆ. ಪಾಲಿಶ್ ಮಾಡಿದ ಬ್ಯಾಡ್ಜಿನ ಬೆಲೆ ಅರ್ಧಕ್ಕೆ ಬೀಳುವುದೂ ಇದೆ, ಕಾಲದ ಗುರುತು ಹೋದರೆ ಅಸಲಿತನದ ಸಾಕ್ಷಿಯೂ ಹೋಗುತ್ತದೆ.

ಮಾಡಬೇಕಾದದ್ದು ಇಷ್ಟು. ಮೃದು ಬ್ರಶ್ಶಿನಿಂದ ಧೂಳು ತೆಗೆಯಿರಿ. ಕಿಲುಬಿದ್ದಲ್ಲಿ ಬಿದಿರಿನ ಹಲ್ಲುಕಡ್ಡಿಯಿಂದ, ಭೂತಗನ್ನಡಿಯ ಕೆಳಗೆ, ಒಣದಾಗಿಯೇ ಬಿಡಿಸಿ. ಉಳಿದರೆ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿದ ಹತ್ತಿಯ ಕಡ್ಡಿ, ತಕ್ಷಣ ಒಣ ಹತ್ತಿ. ಬಾವಿನೀರು, ನಲ್ಲಿನೀರು ಬೇಡ. ಅದರಲ್ಲಿಯ ಉಪ್ಪಿನ ಅಂಶವೇ ಹೊಸ ಕಿಲುಬಿಗೆ ಬೀಜ. ತಿಳಿಹಸಿರು ಪುಡಿ ಉದುರುತ್ತ, ಒರೆಸಿದರೂ ವಾರದಲ್ಲಿ ಮತ್ತೆ ಬಂದರೆ ಲೋಹದೊಳಗೆ ಕ್ಲೋರೈಡ್ ಸೇರಿದೆ. ಅದನ್ನು ಉಳಿದವುಗಳಿಂದ ಬೇರ್ಪಡಿಸಿ ಒಣ ಡಬ್ಬಿಯಲ್ಲಿಡಿ. ಹದಿನೆಂಟನೆಯ ಶತಮಾನದ ತವರ-ಸೀಸದ ಗುಂಡಿಗಳನ್ನಂತೂ ಬ್ರಶ್ಶಿನ ಹೊರತು ಏನೂ ಮಾಡದೆ ಬಿಡಿ.

ಆಟಿ ಮಳೆಗಾಲದ ತೇವ

ಬ್ರಿಟನ್ನಿನವರು ಬರೆದ ಸಲಹೆ ಈ ಕರಾವಳಿಗೆ ಸಾಲದು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಹೆಚ್ಚಿನ ಹೊತ್ತು ಶೇಕಡಾ 80ರ ಮೇಲೆಯೇ ಇರುತ್ತದೆ, ಗಾಳಿಯಲ್ಲಿ ಕಡಲಿನ ಉಪ್ಪು ಬೇರೆ. ಮೊದಲು ಒಂದು ತೇವಮಾಪಕ ಕೊಳ್ಳಿ, ಕೊಂಡ ಕೂಡಲೇ ಪರೀಕ್ಷಿಸಿ: ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಒದ್ದೆ ಹೊಯ್ಗೆಯಂತೆ ಮಾಡಿ, ಮಾಪಕದೊಡನೆ ಜಿಪ್ ಚೀಲದಲ್ಲಿ ಮುಚ್ಚಿ ಒಂದು ದಿನ ಬಿಡಿ. 75 ತೋರಿಸಬೇಕು. 80 ತೋರಿಸಿದರೆ ಮುಂದೆ ಎಲ್ಲ ಓದಿನಿಂದಲೂ 5 ಕಳೆಯಿರಿ.

ಲೋಹಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು, ತಳದ ತ್ರಿಕೋನದೊಳಗೆ 5 ಎಂದಿರಬೇಕು. 3 ಎಂದಿದ್ದರೆ ಅದು ಪಿವಿಸಿ, ಕಾಲಕ್ರಮೇಣ ಆಮ್ಲ ಬಿಟ್ಟು ತಾಮ್ರವನ್ನು ಹಸಿರು ಮಾಡುತ್ತದೆ. ನಾಣ್ಯದ ಮೆತ್ತನೆಯ ಆಲ್ಬಮ್ಮುಗಳೂ ಎಷ್ಟೋ ವೇಳೆ ಇದೇ ಜಾತಿ. ಸಿಲಿಕಾ ಜೆಲ್ ಲೀಟರಿಗೆ 20 ಗ್ರಾಂ ಲೆಕ್ಕ: 10 ಲೀಟರಿನ ಡಬ್ಬಿಗೆ 200 ಗ್ರಾಂ. ಬಟ್ಟೆಯ ಚೀಲದಲ್ಲಿ ಹಾಕಿ, ತೂಕ ಬರೆದಿಡಿ. 230 ಗ್ರಾಂ ಮುಟ್ಟಿದಾಗ ಓವನ್ನಿನಲ್ಲಿ 110 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ ಮತ್ತೆ ಬಳಸಿ. ಬಣ್ಣ ನೋಡುವುದಕ್ಕಿಂತ ತೂಕ ನೋಡುವುದು ನಿಖರ. ಪ್ಲೈವುಡ್ಡಿನ ಪೆಟ್ಟಿಗೆ ಬೇಡವೇ ಬೇಡ, ಅದರ ಆವಿ ಸೀಸವನ್ನು ಬಿಳಿ ಪುಡಿ ಮಾಡುತ್ತದೆ.

ಉಣ್ಣೆಗೂ ಚರ್ಮಕ್ಕೂ ಇಷ್ಟು ಒಣತನ ಒಗ್ಗದು, ಚರ್ಮ ಬಿರಿಯುತ್ತದೆ. ಅವಕ್ಕೆ ಶೇಕಡಾ 45ರಿಂದ 55ರ ತೇವ ಹಿತ. ಡಿಸೆಂಬರ್-ಫೆಬ್ರವರಿಯ ಒಣ ಮಧ್ಯಾಹ್ನದಲ್ಲಿ, ಮಾಪಕ 55ರ ಹತ್ತಿರ ಬಂದಾಗ, ನೆರಳಲ್ಲಿ ಗಾಳಿಗಿಟ್ಟು ಡಬ್ಬಿಗೆ ತುಂಬಿ ಮುಚ್ಚಿ. ಮಳೆಗಾಲದಲ್ಲಿ ಕುತೂಹಲಕ್ಕೆಂದು ತೆರೆಯಬೇಡಿ. ಗ್ಲೆಂಗರಿಯಿಂದ ಬೆಳ್ಳಿ ಬ್ಯಾಡ್ಜು ಬಿಡಿಸಿ ಬೇರೆ ಇಡಬೇಕು, ಉಣ್ಣೆಯಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಸ್ಪೊರನ್ನಿನ ಚರ್ಮಕ್ಕೆ ತೆಂಗಿನೆಣ್ಣೆ ಸವರುವುದು ಇಲ್ಲಿ ಸಾಮಾನ್ಯವಾದ ತಪ್ಪು: ಎಣ್ಣೆ ಚರ್ಮವನ್ನು ಕಪ್ಪು ಮಾಡಿ ಕುದುರೆಕೂದಲಿಗೆ ಇಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಂದಿದ್ದರೆ ಮೂಗುಬಾಯಿಗೆ ಮಾಸ್ಕ್ ಕಟ್ಟಿ ಹೊರಗೆ ಒಣ ಬ್ರಶ್ಶಿನಲ್ಲಿ ಕೊಡವಿ, ಮನೆಯೊಳಗೆ ಅಲ್ಲ.

ಹೊಸದಾಗಿ ಬಂದ ಉಣ್ಣೆಯ ವಸ್ತು ನೇರ ಬೀರುವಿಗೆ ಹೋಗಬಾರದು. ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ನಮ್ಮ ಗಾಳಿಯ ತೇವವೆಲ್ಲ ಬಟ್ಟೆಯ ಮೇಲೆ ನೀರಾಗಿ ಕೂರುತ್ತದೆ. ಹುಳದ ಮೊಟ್ಟೆ ಸಾಯಲು ಇದು ನುಸಿಗುಳಿಗೆಗಿಂತ ಭದ್ರ; ನುಸಿಗುಳಿಗೆ ತಾಗಿದ ಪ್ಲಾಸ್ಟಿಕ್ ಮತ್ತು ಅರಗಿನ ಭಾಗ ಮೆತ್ತಗಾಗುತ್ತದೆ.

ಪ್ರತಿ ವಸ್ತುವಿಗೂ ಒಂದು ಹಾಳೆ ಇರಲಿ: ಕ್ರಮಸಂಖ್ಯೆ, ಅಳತೆ ಮಿ.ಮೀ.ನಲ್ಲಿ, ತೂಕ, ಮುಖ ಮತ್ತು ಬೆನ್ನಿನ ಚಿತ್ರ ಪಕ್ಕದಲ್ಲಿ ಸ್ಕೇಲಿನೊಂದಿಗೆ, ಕಂಡ ಅಂಕಿ ಅಕ್ಷರಗಳು ಇದ್ದದ್ದು ಇದ್ದಂತೆ, ಕೊಂಡ ದಿನ, ಬೆಲೆ, ಯಾರಿಂದ, ಅವರು ಹೇಳಿದ ಕಥೆ. ಕಥೆಯನ್ನು ‘ಮಾರಿದವರ ಹೇಳಿಕೆ’ ಎಂದೇ ಬೇರೆ ಸಾಲಿನಲ್ಲಿ ಬರೆಯಿರಿ, ನೀವು ಪರೀಕ್ಷಿಸಿ ಕಂಡದ್ದನ್ನು ಇನ್ನೊಂದು ಸಾಲಿನಲ್ಲಿ. ಕಸ್ಟಮ್ಸ್ ರಸೀದಿಯನ್ನು ಅದೇ ಹಾಳೆಗೆ ಸೇರಿಸಿ. ವಸ್ತು ಹೊರದೇಶದಿಂದ ಬಂದದ್ದೆಂಬುದಕ್ಕೆ ಅದೇ ದಾಖಲೆ. ವಸ್ತುವಿನ ಮೇಲೆ ಏನೂ ಅಂಟಿಸಬೇಡಿ, ಕ್ರಮಸಂಖ್ಯೆಯ ಚೀಟಿಯನ್ನು ಹತ್ತಿ ನೂಲಿನಲ್ಲಿ ಲೂಪಿಗೆ ಸಡಿಲವಾಗಿ ಕಟ್ಟಿ. ಬರೆಯಲು ಪೆನ್ಸಿಲ್ ಬಳಸಿ, ಪೆನ್ನಿನ ಶಾಯಿ ಮೊದಲ ಮಳೆಗಾಲಕ್ಕೇ ಹರಡಿಬಿಡುತ್ತದೆ.